ಗುಳಿಗ, ಗುಳಿಗೆ

ನನ್ನ ಗಂಡನ ಮುಂದಿನ ಎರಡು ಹಲ್ಲು ಮುರಿದವಳು ನಾನೇ. ಅದೂ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, "ಈ ಮನೆಗೆ ಸಮಾಧಾನ ಕೊಡು ಕರ್ತನೇ" ಎಂದು ಅವರು ಕಣ್ಣು ಮುಚ್ಚಿ ಬೇಡುತ್ತಿದ್ದಾಗ. ನನಗೆ ಅದರ ನೆನಪಿಲ್ಲ. ಎಚ್ಚರವಾದಾಗ ಚಾಪೆಯ ಮೇಲೆ ಬಿದ್ದಿದ್ದೆ. ನಾಲಿಗೆ ಕಚ್ಚಿಹೋಗಿ ಬಾಯಿತುಂಬ ರಕ್ತ, ಬಲಗೈಯಲ್ಲಿ ಯಾರೋ ತುರುಕಿದ ಕಬ್ಬಿಣದ ಬೀಗದ ಕೈ. ಎದುರಿಗೆ ನನ್ನ ಗಂಡ ಜಯಕರ ಟವೆಲಿನಿಂದ ಬಾಯಿ ಒತ್ತಿಕೊಂಡು ಕೂತಿದ್ದರು. ಒದ್ದಾಡುತ್ತಿದ್ದ ನನ್ನನ್ನು ಅವುಚಿ ಹಿಡಿಯಲು ಹೋಗಿದ್ದರಂತೆ, ನನ್ನ ತಲೆ ಹಿಂದಕ್ಕೆ ಚಿಮ್ಮಿ ಅವರ ಬಾಯಿಗೆ ಬಡಿದಿತ್ತಂತೆ.

ಎನ್.ಆರ್. ಪುರದ ಸಾಮಿಲ್ಲಿನಲ್ಲಿ ಗರಗಸದ ಹಲ್ಲು ಮಸೆಯುವುದು ಅವರ ಕೆಲಸ. "ಗರಗಸಕ್ಕೆ ಹಲ್ಲು ಕೂರಿಸುವವನ ಹಲ್ಲನ್ನೇ ಹೆಂಡತಿ ಉದುರಿಸಿದಳು" ಎಂದು ಮಿಲ್ಲಿನವರು ಒಂದು ವಾರ ನಕ್ಕರು. ತುಟಿ ಊದಿಕೊಂಡಿದ್ದರೂ ಇವರೂ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮೂಗಿನ ಮೇಲೇ ಸಿಟ್ಟು ಇರುವವಳು ನಾನು, ಆದರೆ ಯಾರನ್ನಾದರೂ ಹೊಡೆದರೆ ಹೊಡೆದದ್ದು ನನಗೆ ಗೊತ್ತಿರಬೇಕು. ನನಗೇ ಗೊತ್ತಿಲ್ಲದ ಹಾಗೆ ನನ್ನ ಕೈಕಾಲನ್ನು ಬಳಸಿಕೊಂಡದ್ದು ಯಾವುದು?

ಹೆಸರು ಗ್ರೇಸಿ, ಕೆಲಸ ಟೈಲರಿಂಗ್. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದೆ. ಸಾಮಿಲ್ಲಿಗೆ ತಾಗಿದ ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾವಿಬ್ಬರು, ಐದು ವರ್ಷದ ಮಗಳು ಶೈನಿ, ಮತ್ತು ನನ್ನ ಅಮ್ಮ. ಅಮ್ಮನ ಅಪ್ಪ ಘಟ್ಟದ ಕೆಳಗೆ ಹೆಂಚಿನ ಕಾರ್ಖಾನೆಯಲ್ಲಿದ್ದವರು. ಮೂರು ತಲೆಮಾರಿನ ಕ್ರೈಸ್ತರು ನಾವು. ಬೆಳಿಗ್ಗೆ ಆರಕ್ಕೆ, ಸಂಜೆ ಏಳಕ್ಕೆ ಚಾಪೆ ಹಾಸಿ ಕುಟುಂಬ ಪ್ರಾರ್ಥನೆ ಮಾಡಬೇಕು, ಇದು ಅಮ್ಮನ ಕಾನೂನು. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ನಾನೂ ಕೂರುತ್ತಿದ್ದೆ. ನಿಜ ಹೇಳುತ್ತೇನೆ, ಬಾಯಿ ಪ್ರಾರ್ಥನೆ ಹೇಳುತ್ತಿದ್ದರೆ ಮನಸ್ಸು ಯಾರದೋ ಬ್ಲೌಸಿಗೆ ಕೊಕ್ಕೆ ಹೊಲಿಯುತ್ತಿತ್ತು. ಆ ಚಾಪೆಯಲ್ಲಿ ನನಗೆ ಬೇಕಾಗಿದ್ದದ್ದು ಮಗಳ ತಲೆಯ ಎಣ್ಣೆ ವಾಸನೆ ಅಷ್ಟೇ.

ಹಲ್ಲು ಮುರಿದ ಮೇಲೆ ಹದಿನೈದು ದಿನದಲ್ಲಿ ಇನ್ನೆರಡು ಸಲ ಬಿದ್ದೆ. ಒಂದು ಸಲ ಅಂಗಡಿಯಲ್ಲಿ, ಗಿರಾಕಿಯೊಬ್ಬರ ಮದುವೆಯ ಬ್ಲೌಸು ಮಿಷನ್ನಿನ ಮೇಲಿದ್ದಾಗ. ಎದ್ದು ನೋಡಿದರೆ ಆ ರೇಷ್ಮೆಯ ಮೇಲೆ ನನ್ನ ರಕ್ತ, ಹಿಡಿಯಲು ಬಂದ ಪಕ್ಕದ ಅಂಗಡಿಯ ಹೆಂಗಸಿನ ಕೆನ್ನೆಯ ಮೇಲೆ ನನ್ನ ಉಗುರಿನ ಗೀರು. ಸುದ್ದಿ ಕೇಳಿ ಸಾಮಿಲ್ಲಿನಿಂದ ಓಡಿಬಂದವರು ಕೈಗೆ ಕೊಡಲು ಕಬ್ಬಿಣ ಹುಡುಕಿ ಒಂದು ಉಳಿಯನ್ನೇ ತಂದಿದ್ದರು. ಪುಣ್ಯಕ್ಕೆ ಅಷ್ಟರಲ್ಲಿ ನಿಂತಿತ್ತು. ಇಲ್ಲದಿದ್ದರೆ ಯಾರ ಹೊಟ್ಟೆಗೆ ಇಳಿಯುತ್ತಿತ್ತೋ ಏನೋ.

ಕೊಪ್ಪದ ಡಾಕ್ಟರು ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಕೊಪ್ಪ, ಶೃಂಗೇರಿ ದಾಟಿ, ಘಟ್ಟ ಇಳಿಯುವ ಬಸ್ಸಿನಲ್ಲಿ ನಾನು ಕಿಟಕಿಯ ಸರಳು ಹಿಡಿದು ಕೂತೆ. ತಿರುವು ಬಂದಾಗಲೆಲ್ಲ ಜಯಕರ ನನ್ನನ್ನು ನೋಡುತ್ತಿದ್ದರು, ನಾನು ಅವರ ಹಲ್ಲಿಲ್ಲದ ಜಾಗ ನೋಡುತ್ತಿದ್ದೆ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಬೆಂಚಿನ ಮೇಲೆ ಕಾದದ್ದು ಬೆಳಗಿನಿಂದ ಸಂಜೆವರೆಗೆ. ಒಳಗೆ ಒಬ್ಬೊಬ್ಬರನ್ನೇ ಕರೆಯುವಾಗ ಯಾರ ಮುಖವನ್ನೂ ಯಾರೂ ನೋಡುತ್ತಿರಲಿಲ್ಲ. ಎಲ್ಲಿ ಬೀಳುತ್ತಾರೋ ಎಂಬ ಹೆದರಿಕೆ ಆ ಬೆಂಚಿನಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಇತ್ತು.

ಶೃಂಗೇರಿಯಲ್ಲಿ ನಮ್ಮ ಬಸ್ಸೇ ಹತ್ತಿದ್ದ ಒಬ್ಬ ಭಟ್ಟರು ಪಕ್ಕದಲ್ಲಿದ್ದರು. ನಾನು ಅಳುವುದನ್ನು ನೋಡಿ ತಮ್ಮ ಚೀಲದಿಂದ ಒಗೆದ ಪಾಣಿಪಂಚೆ ತೆಗೆದುಕೊಟ್ಟರು.

"ಫಿಟ್ಸಾ?" ಎಂದರು.

"ಹೌದು. ನಿಮ್ಮ ಮನೆಯಲ್ಲಿ ಯಾರಿಗೆ?"

"ನನಗೇ. ಮೂವತ್ತು ವರ್ಷ ಆಯ್ತು. ಸಂಧ್ಯಾವಂದನೆ ಆದ ಕೂಡ್ಲೆ ಗುಳಿಗೆ. ಒಂದು ತಪ್ಪಿದ್ರೆ ಇನ್ನೊಂದೂ ತಪ್ಪತ್ತೆ, ಹಂಗಾಗಿ ಎರಡನ್ನೂ ಒಟ್ಟಿಗೇ ಕಟ್ಟಿಹಾಕಿಬಿಟ್ಟಿದೀನಿ. ನೀನೂ ಹಂಗೇ ಮಾಡು ತಂಗಿ."

ನನಗಾಗ ಅವರ ಮಾತು ತಲೆಗೆ ಹತ್ತಲಿಲ್ಲ. ಜೀವನಪೂರ್ತಿ ಗುಳಿಗೆಯೇ ಎಂಬುದೊಂದೇ ಕಿವಿಯಲ್ಲಿ ಉಳಿಯಿತು.

ತಲೆತುಂಬ ಅಂಟು ಹಚ್ಚಿ ವೈರು ಸಿಕ್ಕಿಸಿ ಏನೇನೋ ಗೀಟು ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. "ಗುಳಿಗೆ ಒಂದು ದಿನವೂ ಬಿಡಬಾರದು. ಫಿಟ್ಸ್ ಬಂದಾಗ ಬಾಯಿಗೆ ಚಮಚ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಒತ್ತಿ ಹಿಡಿಯಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಪಕ್ಕದಲ್ಲಿ ಕೂತಿರಿ" ಎಂದರು. ಒತ್ತಿ ಹಿಡಿಯಬೇಡಿ ಎಂದಾಗ ಜಯಕರ ತಮ್ಮ ತುಟಿ ಮುಟ್ಟಿಕೊಂಡರು.

ಗುಳಿಗೆ ಶುರುವಾಯಿತು, ಫಿಟ್ಸ್ ನಿಂತಿತು. ಆದರೆ ನಾನೂ ಅರ್ಧ ನಿಂತೆ. ಮಧ್ಯಾಹ್ನಕ್ಕೇ ಕಣ್ಣು ಎಳೆಯುತ್ತಿತ್ತು, ಸೂಜಿಗೆ ದಾರ ಹೋಗುತ್ತಿರಲಿಲ್ಲ. ವಸಡು ಊದಿ ಹಲ್ಲಿನ ಮೇಲೆ ಏರಿತು. ಅಂಗಡಿ ಮುಚ್ಚಿ ಮನೆಯಲ್ಲೇ ಹೊಲಿಯತೊಡಗಿದೆ. ಕನ್ನಡಿ ನೋಡಿದಾಗಲೆಲ್ಲ ಕೈಗೆ ಸಿಕ್ಕಿದ್ದನ್ನು ಬಿಸಾಡುತ್ತಿದ್ದೆ. ಆ ತಿಂಗಳುಗಳಲ್ಲಿ ನಮ್ಮ ಮನೆಯ ಎರಡು ಲೋಟ, ಒಂದು ರೇಡಿಯೋ, ಒಂದು ಅಳತೆಕೋಲು ನನ್ನ ಸಿಟ್ಟಿಗೆ ಹೋದವು. ದೇವರ ಮೇಲಿನ ಸಿಟ್ಟು ಪಾತ್ರೆಯ ಮೇಲೆ.

ಇನ್ನು ಗುಳಿಗನ ವಿಷಯ. ನಮ್ಮ ಹಿತ್ತಿಲಿಗೂ ಗಿರಿಜಕ್ಕನ ಹಿತ್ತಿಲಿಗೂ ನಡುವೆ ಒಂದು ಹಲಸಿನ ಮರ, ಅದರ ಬುಡದಲ್ಲಿ ಒಂದು ಕಲ್ಲು. ಅದು ಗುಳಿಗ. ತುಳುನಾಡಿನ ದೈವ. ಘಟ್ಟ ಹತ್ತಿ ಬಂದವರ ಜೊತೆ ಅವನೂ ಬಂದು ನಮ್ಮ ಕಡೆ ಅಲ್ಲಲ್ಲಿ ಕೂತಿದ್ದಾನೆ. ತೋಟದ ಕೂಲಿಗೆ ಹೋಗುವ ಗಿರಿಜಕ್ಕ ದಿನಾ ಬೆಳಿಗ್ಗೆ ಅಲ್ಲಿ ಒಂದು ಹೂವಿಟ್ಟೇ ಹೊರಡುವುದು. ನಾವು ಅದರ ತಂಟೆಗೆ ಹೋದವರಲ್ಲ. ಆದರೆ ನಾನು ಬೀಳುವುದು ಶುರುವಾದ ಮೇಲೆ ಅಮ್ಮ ಆ ಕಡೆ ಹೋಗುವಾಗ ಸೆರಗು ತಲೆಗೆ ಹೊದ್ದುಕೊಳ್ಳುತ್ತಿದ್ದರು. ನಾನು ಬಿಸಿಲಿಗೆ ಅಂದುಕೊಂಡಿದ್ದೆ.

ಸ್ಯಾಮುವೆಲಣ್ಣ ಕಾರ್ಕಳದ ಕಡೆಯವರು, ತಿಂಗಳಿಗೊಮ್ಮೆ ನಮ್ಮ ಸಭೆಯವರ ಮನೆಗಳಿಗೆ ಬಂದು ಪ್ರಾರ್ಥನೆ ಮಾಡಿ ಹೋಗುವವರು. ಒಂದು ಮಧ್ಯಾಹ್ನ ಬಂದರು. ಜಯಕರ ಕೆಲಸದಲ್ಲಿದ್ದರು, ಸಾಮಿಲ್ಲಿನಲ್ಲಿ ದೊಡ್ಡ ದಿಮ್ಮಿಯೊಂದನ್ನು ಕೊಯ್ಯುತ್ತಿದ್ದರು, ಮನೆಯೆಲ್ಲ ಆ ಕಿರುಚು. ಪ್ರಾರ್ಥನೆ ಮುಗಿಸಿ ಅವರು ಅಮ್ಮನ ಮುಖ ನೋಡಿ ಗಟ್ಟಿಯಾಗಿ ಹೇಳಿದರು. ನನಗೆ ಕೇಳಿಸಿದ್ದು ಹೀಗೆ:

"ನೀವು ಗುಳಿಗೆನ್ನ ಬಿಡ್ಬೇಕು. ಅರ್ಧ ಅಲ್ಲ, ಪೂರ್ತಿ ಬಿಡ್ಬೇಕು. ಒಂದು ಕೈಯಲ್ಲಿ ಕರ್ತ, ಇನ್ನೊಂದು ಕೈಯಲ್ಲಿ ಅದು, ಹಾಗೆ ಆಗ್ಲಿಕ್ಕಿಲ್ಲ. ನಂಬಿಕೆ ಉಂಟಲ್ಲ? ಹೆದರ್ಬೇಡಿ."

ಅವರು ಗೇಟು ದಾಟುವ ಮೊದಲೇ ನಾನು ಗುಳಿಗೆಯ ಪಟ್ಟಿಗಳನ್ನು ಒಲೆಗೆ ಹಾಕಿದ್ದೆ. ಅಮ್ಮ ನೋಡುತ್ತಾ ನಿಂತಿದ್ದರು, ತಡೆಯಲಿಲ್ಲ. ಸಂಜೆ ಜಯಕರ, "ಡಾಕ್ಟ್ರಮ್ಮ ಬಿಡ್ಬಾರದು ಅಂದಿದ್ರಲ್ಲೇ ಮಾರಾಯ್ತಿ?" ಎಂದರು.

"ನಿಮಗೆ ನಂಬಿಕೆ ಇಲ್ಲ. ಇದ್ದಿದ್ರೆ ನಾನು ಇಷ್ಟು ದಿನ ಒದ್ದಾಡ್ತಿರಲಿಲ್ಲ" ಎಂದು ಕೂಗಿದೆ. ನನ್ನ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗುತ್ತಿರಲಿಲ್ಲ.

ಆಮೇಲಿನ ಮೂರು ವಾರ ನನ್ನ ಜೀವನದಲ್ಲೇ ನಾನು ಅತಿ ದೊಡ್ಡ ಭಕ್ತೆಯಾಗಿದ್ದ ದಿನಗಳು. ತಲೆಯ ಮಂಕು ಹೋಯಿತು, ಸೂಜಿಗೆ ದಾರ ಹೋಯಿತು. ಬೆಳಿಗ್ಗೆ ಐದಕ್ಕೇ ಎದ್ದು ನಮ್ಮ ವೇದ ಬೈಬಲ್ ಓದಿದೆ, ಕೀರ್ತನೆ ಹಾಡಿದೆ. ಮೂರನೇ ಭಾನುವಾರ ದೇವಾಲಯದಲ್ಲಿ ಎಲ್ಲರೆದುರು ನಿಂತು ಸಾಕ್ಷಿ ಹೇಳಿದೆ: ಗುಳಿಗೆ ಬಿಟ್ಟೆ, ಕರ್ತನು ಗುಣಪಡಿಸಿದನು ಎಂದು. ಕೆಲವರು ಅತ್ತರು. ಜಯಕರ ಮಾತ್ರ ತಲೆ ತಗ್ಗಿಸಿ ಕೂತಿದ್ದರು, ನನಗೆ ಅವರ ಮೇಲೆ ಕೆಂಡದಂಥ ಕೋಪ.

ಅದಾಗಿ ಎರಡು ದಿನಕ್ಕೆ, ಸಂಜೆ ಏಳರ ಪ್ರಾರ್ಥನೆ. ಶೈನಿ ನನ್ನ ಮಡಿಲಲ್ಲಿದ್ದಳು, ನನ್ನ ಎರಡೂ ಕೈ ಅವಳ ಸುತ್ತ. ಓದುತ್ತಿದ್ದ ಸಾಲಿನ ಅಕ್ಷರಗಳು ಕದಲಿದ್ದು ನೆನಪಿದೆ. ಮುಂದಿನದು ಬೇರೆಯವರು ಹೇಳಿದ್ದು.

ನನ್ನ ಮೈ ಕೊರಡಾಯಿತು. ಕೈಗಳು ಮಗುವಿನ ಸುತ್ತ ಬಿಗಿದುಕೊಂಡವು. ಶೈನಿ ಮೊದಲು ಆಟ ಅಂದುಕೊಂಡು ನಕ್ಕಳಂತೆ, ಆಮೇಲೆ ಕಿರುಚಿದಳಂತೆ. ದಿಮ್ಮಿ ಹೊರಳಿಸುವಷ್ಟು ಬಲವಿದ್ದ ಜಯಕರರಿಗೂ ನನ್ನ ಕೈ ಬಿಡಿಸಲಾಗಲಿಲ್ಲ. ಗಿರಿಜಕ್ಕ ಬೇಲಿ ಹಾರಿ ಓಡಿಬಂದಳು. ಒಬ್ಬೊಬ್ಬರು ಒಂದೊಂದು ಕೈ ಎಳೆದರು. ಆಗ ಮಗಳ ಕುತ್ತಿಗೆಯ ಬುಡದಲ್ಲಿ ಲಟ್ ಎಂದದ್ದು ಅಮ್ಮನಿಗೂ ಕೇಳಿಸಿತಂತೆ. ಮಗುವನ್ನು ಬಿಡಿಸಿಕೊಂಡ ಮೇಲೂ ನಾನು ನಿಲ್ಲಲಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು. ತಲೆ ನೆಲಕ್ಕೆ ಅಪ್ಪಳಿಸಿ ಹಣೆ ಸೀಳಿತು, ಕಾಲು ಬಡಿದು ಹೊಲಿಗೆ ಮಿಷನ್ ಉರುಳಿತು. ಮಿಲ್ಲಿನ ಜೀಪಿನ ಹಿಂದುಗಡೆ ನನ್ನನ್ನು ಮಲಗಿಸಿ, ಮುಂದೆ ಮಗುವನ್ನು ಕೂರಿಸಿಕೊಂಡು ಕೊಪ್ಪದ ಆಸ್ಪತ್ರೆಗೆ ತಂದರು. ದಾರಿಯುದ್ದಕ್ಕೂ ನಾವಿಬ್ಬರೂ ಕೂಗುತ್ತಿದ್ದೆವಂತೆ, ಅವಳು ಎಚ್ಚರದಲ್ಲಿ, ನಾನು ಎಚ್ಚರವಿಲ್ಲದೆ.

ಎರಡು ದಿನದ ಮೇಲೆ ಕಣ್ಣು ಬಿಟ್ಟಾಗ ಪಕ್ಕದ ಮಂಚದಲ್ಲಿ ಶೈನಿ ಇದ್ದಳು. ಭುಜಕ್ಕೆ ಪಟ್ಟಿ ಸುತ್ತಿ ಕೈಯನ್ನು ಎದೆಗೆ ಕಟ್ಟಿದ್ದರು. "ಬಾ ಪುಟ್ಟಿ" ಎಂದೆ. ಅವಳು ಗೋಡೆಯ ಕಡೆ ಸರಿದಳು. ಕುತ್ತಿಗೆಗೂ ಭುಜಕ್ಕೂ ನಡುವಿನ ಕೊರಳ ಮೂಳೆ ಮುರಿದಿದೆ ಎಂದು ನರ್ಸು ಹೇಳಿದರು, ಹೇಗೆ ಮುರಿಯಿತು ಎಂದು ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಜಯಕರರ ಮುಖ ನೋಡಿದ ಕೂಡಲೇ ಗೊತ್ತಾಯಿತು. ಹಲ್ಲು ಮುರಿದಾಗ ನಕ್ಕವರು ಈಗ ನನ್ನ ಕಡೆ ತಿರುಗುತ್ತಿರಲಿಲ್ಲ.

ಸ್ಯಾಮುವೆಲಣ್ಣನಿಗೆ ಸುದ್ದಿ ಹೋಗಿ ಮರುದಿನ ಬಂದರು. ಅವರನ್ನು ಕಂಡ ಕೂಡಲೇ ಮಂಚದ ಪಕ್ಕದ ಸ್ಟೀಲ್ ಲೋಟವನ್ನು ಬೀಸಿ ಒಗೆದೆ. ಹಾಲಿನ ಸಮೇತ ಅವರ ಎದೆಗೆ ಬಡಿಯಿತು.

"ನೀವು ಹೇಳಿದ್ದಕ್ಕೇ ಅಲ್ವಾ ನಾನು ಗುಳಿಗೆ ಬಿಟ್ಟದ್ದು! ನೋಡಿ ನನ್ನ ಮಗಳನ್ನ!"

ಅವರು ಕಕ್ಕಾಬಿಕ್ಕಿಯಾದರು. "ಗುಳಿಗೆಯಾ? ಗುಳಿಗೆ ಬಿಡ್ಲಿಕ್ಕೆ ನಾನು ಎಂತಕ್ಕೆ ಹೇಳ್ಲಿ? ನಾನೇ ದಿನಾ ಬಿಪಿ ಗುಳಿಗೆ ನುಂಗುವವ ಮಾರಾಯ್ತಿ! ನಾನು ಹೇಳಿದ್ದು ಗುಳಿಗ. ಗುಳಿಗನ್ನ ಬಿಡ್ಬೇಕು ಅಂತ. ಬರುವಾಗ ನಿಮ್ಮ ತಾಯಿ ಆ ಕಲ್ಲಿನ ಹತ್ರ ತೆಂಗಿನಕಾಯಿ ಇಡುವುದು ನೋಡಿದ್ದೆ. ಅದಕ್ಕೇ ಅವರಿಗೆ ಹೇಳಿದ್ದು."

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಬಾಗಿಲ ಹತ್ತಿರ ಕುಸಿದು ಕೂತರು. "ನಂಗೆ ಗುಳಿಗ ಅಂತ್ಲೇ ಕೇಳಿತ್ತು ಮಗಾ" ಎಂದರು. "ಕಾಯಿ ಇಟ್ಟದ್ದು ಗೊತ್ತಾಯ್ತಲ್ಲ ಅಂತ ನಾಚಿಕೆ ಆಯ್ತು. ನೀನು ಗುಳಿಗೆ ಅಂದ್ಕೊಂಡು ಒಲೆಗೆ ಹಾಕ್ದಾಗ... ಹಂಗೇ ಇರ್ಲಿ ಅಂತ ಸುಮ್ನಾದೆ. ನಾನೇ ಕೊಲ್ತಿದ್ದೆ ಮಗೂನ."

ಅಮ್ಮನಿಗೆ ಸರಿಯಾಗಿಯೇ ಕೇಳಿಸಿತ್ತು, ಹೇಳಲಿಲ್ಲ. ನನಗೆ ತಪ್ಪಾಗಿ ಕೇಳಿಸಿತ್ತು, ಯಾಕೆಂದರೆ ಹಾಗೆ ಕೇಳಿಸಲೆಂದೇ ನಾನು ಕಾಯುತ್ತಿದ್ದೆ. ಸಾಮಿಲ್ಲಿನ ಸದ್ದು ಒಂದು ನೆಪ. ಆ ಕ್ಷಣದಲ್ಲಿ ಕೈಗೆ ಇನ್ನೊಂದು ಲೋಟ ಸಿಕ್ಕಿದ್ದರೆ ಅಮ್ಮನ ತಲೆಗೇ ಬೀಳುತ್ತಿತ್ತು. ಸಿಗಲಿಲ್ಲ, ಅಷ್ಟೇ.

ಸ್ಯಾಮುವೆಲಣ್ಣ ಅಂಗಿ ಒರೆಸಿಕೊಂಡು, ಲೋಟ ಹೆಕ್ಕಿ ತೊಳೆದು ತಂದಿಟ್ಟರು. ಹೋಗುವಾಗ ಹೇಳಿದರು: "ನನ್ಗೆ ಬಿಸಾಡಿದ್ದು ಸಾಕು, ತಾಯಿಗೆ ಬೇಡ. ಸಿಟ್ಟು ಬಂದ್ರೆ ಬೆಳಿಗ್ಗೆ ಎದ್ದು ಕರ್ತನ ಹತ್ರವೇ ಜಗಳ ಮಾಡಿ. ಬಿಟ್ಟು ಬಿಟ್ಟು ಅಲ್ಲ, ದಿನಾ ಮಾಡಿ. ಅವ ತಡ್ಕೊಳ್ತಾನೆ."

ಮನೆಗೆ ಬಂದ ದಿನ ಗಿರಿಜಕ್ಕ ಗಂಜಿ ತಂದಿದ್ದಳು. ನನ್ನ ಕೈ ಬಿಡಿಸಲು ಎಳೆದವಳು ಅವಳೇ. ನಡೆದದ್ದೆಲ್ಲ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಮ್ಮ ಗುಳಿಗ ಅವನ ಪಾಡಿಗೆ ಅವನಿದಾನೆ ಕಣೇ. ನಿನ್ನ ತಲೆ ತಗಂಡು ಅವನು ಎಂತ ಮಾಡ್ತಾನೆ? ಅವನಿಗೆ ಹೂವು ನಾನಿಡ್ತೀನಿ. ನಿನ್ನ ಗುಳಿಗೆ ನೀನು ನುಂಗು." ನಾನು ನಕ್ಕುಬಿಟ್ಟೆ, ಹಣೆಯ ಹೊಲಿಗೆ ಎಳೆದು ನೋವಾಯಿತು.

ಮುಂದಿನ ಭಾನುವಾರ ದೇವಾಲಯದಲ್ಲಿ ಮತ್ತೆ ಎದ್ದು ನಿಂತು, ಹಿಂದೆ ಹೇಳಿದ ಸಾಕ್ಷಿ ತಪ್ಪು ಎಂದೆ. ಈ ಸಲ ಯಾರೂ ಅಳಲಿಲ್ಲ. ಜಯಕರ ಮಾತ್ರ ತಲೆ ಎತ್ತಿ ನೋಡಿದರು.

ಮರುದಿನ ಬೆಳಿಗ್ಗೆ ಆರಕ್ಕೆ ಚಾಪೆ ಹಾಸಿದೆ. ಶೃಂಗೇರಿಯ ಭಟ್ಟರ ಮಾತು ಆಗ ತಲೆಗೆ ಹತ್ತಿತು. ವೇದಪುಸ್ತಕದ ಪೆಟ್ಟಿಗೆಯೊಳಗೇ ಗುಳಿಗೆ ಇಟ್ಟೆ. ಒಂದನ್ನು ತೆಗೆಯದೆ ಇನ್ನೊಂದು ಸಿಗಬಾರದು. ಆಮೇಲೆ ಬಾಯಿ ಬಿಟ್ಟು ಜಗಳ ಶುರುಮಾಡಿದೆ. "ನನ್ನ ಮಡಿಲೇ ಬೇಕಿತ್ತಾ ನಿನಗೆ? ಬೇರೆ ಜಾಗ ಸಿಗಲಿಲ್ವಾ? ಉತ್ತರ ಹೇಳು." ಅಮ್ಮ ಕಿವಿ ಮುಚ್ಚಿಕೊಂಡರು. ನಾನು ಗುಳಿಗೆ ನುಂಗಿ ಎದ್ದೆ. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ಕೆಲವು ದಿನ ಹೇಳಲು ಏನೂ ಇರುತ್ತಿರಲಿಲ್ಲ, "ಬಂದಿದೀನಿ" ಎಂದಷ್ಟೇ ಹೇಳಿ ನುಂಗುತ್ತಿದ್ದೆ. ಭಕ್ತಿ ಬೆಳೆಯುವುದೆಂದರೆ ಮೈ ಹಗುರಾಗುವುದು ಎಂದು ನಾನು ತಿಳಿದಿದ್ದೆ. ನನಗೆ ಬೆಳೆದದ್ದು ಹೀಗೆ, ಊದಿದ ವಸಡಿನ ಜೊತೆ, ದಿನಕ್ಕೆರಡು ಸಲ, ಬೈಯುತ್ತಾ. ಒಂದು ವರ್ಷದ ಹೊತ್ತಿಗೆ ಬೈಗುಳದ ನಡುವೆ ಎಲ್ಲೋ ಅಮ್ಮನ ಹೆಸರನ್ನೂ ಹೇಳಿ, ಅವರನ್ನು ಕ್ಷಮಿಸುವ ಶಕ್ತಿ ಕೊಡು ಎಂದು ಕೇಳಿದ್ದೆ. ನನಗೇ ಆಶ್ಚರ್ಯವಾಯಿತು.

ಆದರೆ ಶೈನಿ ಮಡಿಲಿಗೆ ಬರಲಿಲ್ಲ. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ಶಾಲೆಗೆ ಹೋದಳು, ನನ್ನ ಕೈಯಿಂದ ಊಟ ಮಾಡಿದಳು. ಪ್ರಾರ್ಥನೆಯ ಹೊತ್ತಿಗೆ ಮಾತ್ರ ಹೊಸ್ತಿಲ ಹತ್ತಿರ ಕೂರುತ್ತಿದ್ದಳು. ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ. ಪ್ರಾರ್ಥನೆಗೆ ಚಪ್ಪಲಿ ಹಾಕಿ ಕೂರಬಾರದು ಎಂದು ಅಮ್ಮ ಒಮ್ಮೆ ಗದರಿದರು. "ಓಡಕ್ಕೆ ಬೇಕಲ್ಲ ಅಜ್ಜಿ" ಎಂದಳು. ದಿನಕ್ಕೆರಡು ಸಲ ಆ ಚಪ್ಪಲಿ ನೋಡುತ್ತಾ ಪ್ರಾರ್ಥಿಸಿದೆ. ನನ್ನ ಜಗಳ ಪೂರ್ತಿ ಅದೊಂದಕ್ಕೇ ಆಗಿತ್ತು.

ಎರಡು ವರ್ಷ ಫಿಟ್ಸ್ ಬರಲಿಲ್ಲ. ಈ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ಸುಳ್ಳು ಹೇಳಲಾರೆ: ಒಂದು ಗುಳಿಗೆಯನ್ನೂ ತಪ್ಪಿಸದಿದ್ದರೂ ಆಮೇಲೆ ಒಂದು ದಿನ ಬಂತು. ಜ್ವರ ಇತ್ತು. ಜಯಕರ ಮಿಲ್ಲಿಗೆ, ಅಮ್ಮ ಸಂತೆಗೆ ಹೋಗಿದ್ದರು. ನಾನೂ ಏಳು ವರ್ಷದ ಶೈನಿಯೂ ಇಬ್ಬರೇ. ಸಂಜೆ ಚಾಪೆ ಹಾಸಿ ಪೆಟ್ಟಿಗೆಗೆ ಕೈ ಹಾಕಿದೆ. ಅಕ್ಷರ ಕದಲಿದ ಹಾಗಾಯಿತು. "ಪುಟ್ಟಿ, ಓಡು" ಎಂದೆ. ಅಷ್ಟೇ ನೆನಪು.

ಎಚ್ಚರವಾಗುವಾಗ ಮೊದಲು ಬಂದದ್ದು ಒಂದು ಸಣ್ಣ ಧ್ವನಿ. ಯಾರೋ ಯಾರನ್ನೋ ಬೈಯುತ್ತಿದ್ದರು. "ಸಾಕು ಮಾಡು. ಸಾಕು ಅಂದ್ನಲ್ಲ. ನಾಳೆ ನಂಗೆ ಸ್ಕೂಲಿದೆ, ಅಮ್ಮ ಜಡೆ ಹಾಕ್ಬೇಕು. ಕಿವಿ ಕೇಳ್ಸಲ್ವಾ ನಿಂಗೆ?" ಅದು ನನ್ನದೇ ಪ್ರಾರ್ಥನೆ. ಎರಡು ವರ್ಷ ಹೊಸ್ತಿಲಲ್ಲಿ ಕೂತು ಅವಳು ಅದನ್ನು ಪೂರ್ತಿ ಕಲಿತಿದ್ದಳು.

ಡಾಕ್ಟರಮ್ಮ ಹೇಳಿದ ಹಾಗೇ ನನ್ನನ್ನು ಮಗ್ಗುಲಿಗೆ ಹೊರಳಿಸಿದ್ದಳು. ಬಾಯಲ್ಲಿ ಚಮಚ ಇರಲಿಲ್ಲ, ಕೈಯಲ್ಲಿ ಕಬ್ಬಿಣ ಇರಲಿಲ್ಲ. ನನ್ನ ತಲೆ ಅವಳ ಪುಟ್ಟ ಮಡಿಲಲ್ಲಿತ್ತು, ಜೊಲ್ಲು, ರಕ್ತ ಎಲ್ಲ ಅವಳ ಲಂಗದ ಮೇಲೆ. ಕಣ್ಣು ಬಿಟ್ಟದ್ದು ನೋಡಿ ಅವಳು "ಆಮೆನ್" ಎಂದು ಜಗಳ ಮುಗಿಸಿದಳು. ಆಮೇಲೆ ಪೆಟ್ಟಿಗೆಯತ್ತ ಕೈ ಚಾಚಿ, "ಗುಳಿಗೆ ನುಂಗಿಲ್ಲ ನೀನು ಇನ್ನೂ" ಎಂದಳು.

ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಬಿದ್ದಲ್ಲಿಂದ ಹೊಸ್ತಿಲು ಕಾಣುತ್ತಿತ್ತು. ಅವಳ ಎರಡೂ ಚಪ್ಪಲಿ ಅಲ್ಲೇ ಉಳಿದಿದ್ದವು.